ಕಪಾಟಿನಲ್ಲಿಲ್ಲದ ಜಪಾನ್

ಕಂಪ್ಯೂಟರು ‘ಲಭ್ಯವಿದೆ’ ಎನ್ನುತ್ತಿತ್ತು. ಕಪಾಟು ಇಲ್ಲ ಎನ್ನುತ್ತಿತ್ತು. ಕೌಂಟರಿನ ಆಚೆ ನಿಂತ ಹುಡುಗಿ ಎರಡನ್ನೂ ನೋಡಿ, “ಮೇಡಂ, ನಾನೇ ಇನ್ನೊಂದು ಸಲ ಹುಡುಕ್ಲಾ?” ಎಂದಳು.

“ಬೇಡ, ನೀನು ಕೂತ್ಕೊ. ನಾನು ನೋಡ್ತೇನೆ” ಎಂದು ಎದ್ದೆ. ಕೊಪ್ಪದ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಪುಸ್ತಕ ಕಾಣದಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇದು ಕರ್ತವ್ಯನಿಷ್ಠೆ ಎಂದು ಹೇಳಿಕೊಳ್ಳುತ್ತಿಲ್ಲ. ಮನೆಯಲ್ಲಿ ಬಾಚಣಿಗೆ ಕಾಣದಿದ್ದರೂ ನಾನು ಹೀಗೇ ಮನೆ ತಲೆಕೆಳಗು ಮಾಡುತ್ತೇನೆ, ಆಮೇಲೆ ಅದು ನನ್ನ ತಲೆಯಲ್ಲೇ ಇರುತ್ತದೆ.

ಹುಡುಗಿ ಇತಿಹಾಸ ಎಂ.ಎ. ಕೊನೆಯ ವರ್ಷದವಳು. ನರಸಿಂಹರಾಜಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ, ಅವಳ ಅಬ್ಬನದು ಅಲ್ಲಿ ಹೊಲಿಗೆ ಅಂಗಡಿ. ಕಿರುಪ್ರಬಂಧಕ್ಕೆ ಎಲ್ಲರೂ ಊರ ಹತ್ತಿರದ ಪಾಳೆಗಾರರನ್ನೋ ಶಾಸನವನ್ನೋ ಹಿಡಿದುಕೊಂಡರೆ ಇವಳು ಆರಿಸಿಕೊಂಡದ್ದು ಜಪಾನಿನ ರೇಷ್ಮೆ ಗಿರಣಿಗಳನ್ನು. ನೂರು ವರ್ಷಕ್ಕೂ ಹಿಂದೆ, ಮೇಜಿ ಚಕ್ರವರ್ತಿಯ ಕಾಲದಲ್ಲಿ, ಹಳ್ಳಿಗಳಿಂದ ಹೋಗಿ ಆ ಗಿರಣಿಗಳಲ್ಲಿ ನೂಲು ತೆಗೆದ ಹುಡುಗಿಯರನ್ನು. ಅವಳ ಮಾರ್ಗದರ್ಶಕರು ಬೇಡ ಎನ್ನಲಿಲ್ಲ, ಆದರೆ ಒಂದು ಷರತ್ತು ಹಾಕಿದ್ದರು. ಇಂಟರ್ನೆಟ್ಟಿನ ಲೇಖನಗಳನ್ನು ಅಂಟಿಸಿದರೆ ಆಗುವುದಿಲ್ಲ, ಆ ಹುಡುಗಿಯರೇ ಹೇಳಿದ ಮಾತುಗಳಿರುವ ಒಂದಾದರೂ ಪೂರ್ತಿ ಪುಸ್ತಕವನ್ನು ಓದಿ ತಂದು ತೋರಿಸಬೇಕು. ಇದು ಗುರುವಾರದ ಮಾತು. ಗಡುವು ಬರುವ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ. ತೋರಿಸದಿದ್ದರೆ ವಿಷಯ ಬದಲಿಸಬೇಕು.

“ಬದಲಿಸಿದ್ರೆ ಎಂತ ಆಯ್ತೀಗ? ಪದವಿ ಒಂದೇ ಅಲ್ವಾ?” ಎಂದು ನಾನು ಸುಮ್ಮನೆ ಕೆಣಕಿದೆ.

ಅವಳು ನಗಲಿಲ್ಲ. “ನಮ್ಮ ಅಮ್ಮಿ ಮದುವೆಗೆ ಮುಂಚೆ ಬಾಳೆಹೊನ್ನೂರಲ್ಲಿ ಕಾಫಿ ಬೀಜ ಆರಿಸೋಕೆ ಹೋಗ್ತಿದ್ರು ಮೇಡಂ. ಹೇಗಿತ್ತು ಅಂತ ಎಷ್ಟು ಕೇಳಿದ್ರೂ ‘ಹೇಳೋಕೆ ಎಂತ ಇತ್ತು ಅದ್ರಲ್ಲಿ’ ಅಂತಾರೆ. ಅಷ್ಟೇ. ಈ ಜಪಾನಿನವರು ವಯಸ್ಸಾದ್ಮೇಲೆ ಕೂತು ಹೇಳಿದ್ದಾರಂತೆ. ಅದನ್ನ ಓದ್ಬೇಕು ನಂಗೆ.”

ಯಾವುದೋ ಲೇಖನದ ಅಡಿಟಿಪ್ಪಣಿಯಲ್ಲಿ ಪುಸ್ತಕದ ಹೆಸರು ಅವಳಿಗೆ ಸಿಕ್ಕಿತ್ತು. ನಮ್ಮ ಕಂಪ್ಯೂಟರಿನಲ್ಲಿ ಹೊಡೆದು ನೋಡಿದರೆ, ಮಲೆನಾಡಿನ ಈ ಮೂಲೆಯ ಕಾಲೇಜಿನಲ್ಲಿ ಅದರ ಒಂದು ಪ್ರತಿ! ಹುಡುಗಿ ಕುಣಿಯುವುದೊಂದು ಬಾಕಿ.

ಹುಡುಕಾಟಕ್ಕೂ ಒಂದು ಕ್ರಮವಿದೆ. ಮೊದಲು ಜಪಾನ್ ಇತಿಹಾಸದ ವರ್ಗಸಂಖ್ಯೆ 952. ಅಲ್ಲಿಲ್ಲ. ಅಕ್ಕಪಕ್ಕದ ಚೀನಾ, ಕೊರಿಯಾ. ಇಲ್ಲ. ಹೊಸ ಸಹಾಯಕರು ಹೆಸರಿನಲ್ಲಿ ರೇಷ್ಮೆ ಕಂಡು ಜವಳಿಯ 677ರಲ್ಲಿ ಇಟ್ಟಿರಬಹುದು. ಇಲ್ಲ. ದುಡಿಯುವ ಹೆಂಗಸರ 331.4. ಇಲ್ಲ. ಪುಸ್ತಕ ಹಿಂದಕ್ಕೆ ಜಾರಿ ಬಿದ್ದಿರಬಹುದೆಂದು ಎರಡು ಕಪಾಟುಗಳನ್ನು ಖಾಲಿ ಮಾಡಿದೆ. ಒಂದು ಸತ್ತ ಹಲ್ಲಿ, ಯಾರದೋ ಹಾಲ್ ಟಿಕೆಟ್ ಸಿಕ್ಕವು. ಬೈಂಡಿಂಗಿಗೆ ಕಳಿಸಿದ ಪಟ್ಟಿ ನೋಡಿದೆ, ಹರಿದವುಗಳ ಗಂಟು ಬಿಚ್ಚಿದೆ. ಕೊನೆಗೆ ಕಂಪ್ಯೂಟರ್ ಬರುವ ಮೊದಲಿನಿಂದಲೂ ಇರುವ ದಪ್ಪ ದಾಖಲೆ ಪುಸ್ತಕ ಇಳಿಸಿ, ಪುಸ್ತಕದ ಸಂಖ್ಯೆಯ ಎದುರು ಬೆರಳಿಟ್ಟೆ.

ಹೆಸರು ಇತ್ತು. ಅದರ ಪಕ್ಕದಲ್ಲಿ ವರ್ಷವರ್ಷದ ಲೆಕ್ಕ ತಪಾಸಣೆಯ ಕೆಂಪು ಟಿಕ್ಕುಗಳು. ‘ಇದೆ’, ‘ಇದೆ’, ‘ಇದೆ’. ಕೊನೆಯ ಆರೂ ನನ್ನ ಕೈಯವು. ಅವನ್ನು ನೋಡುತ್ತಿದ್ದ ಹಾಗೇ ನನಗೆ ನೆನಪಾಯಿತು, ಕಿವಿ ಬಿಸಿಯಾಯಿತು.

ಆರು ವರ್ಷದ ಹಿಂದೆ ನಮ್ಮ ಇತಿಹಾಸದ ಸರ್ ನಿವೃತ್ತರಾದರು. ಚೀನಾ–ಜಪಾನ್ ಪತ್ರಿಕೆಯನ್ನು ದಶಕಗಳ ಕಾಲ ಪಾಠ ಮಾಡಿದವರು. ನಾನು ಇದೇ ಕಾಲೇಜಿನಲ್ಲಿ ಬಿ.ಎ. ಓದುವಾಗ ನನಗೂ ಅವರೇ ಪಾಠ ಹೇಳಿದ್ದು. ಅಫೀಮಿನ ಯುದ್ಧವನ್ನು ಪಕ್ಕದ ಮನೆಯ ಬೇಲಿ ಜಗಳದ ಹಾಗೆ ಹೇಳುತ್ತಿದ್ದರು. ಬೀಳ್ಕೊಡುಗೆಯ ದಿನ ಹಾರ ಹಾಕಿಕೊಂಡೇ ಬಂದು ಬಾಕಿ ಇಲ್ಲವೆಂಬ ಪ್ರಮಾಣಪತ್ರವನ್ನು ನನ್ನ ಮುಂದೆ ಇಟ್ಟರು. ಅವರ ಹೆಸರಿನಲ್ಲಿ ಮೂರು ಪುಸ್ತಕಗಳಿದ್ದವು, ಅವುಗಳಲ್ಲಿ ಇದೂ ಒಂದು. “ಮನೇಲಿವೆ ಮಾರಾಯ್ತಿ, ನಾಳೆ ಕಳಿಸ್ತೇನೆ” ಎಂದರು. ಕಲಿಸಿದ ಗುರುಗಳು, ಕೊರಳಲ್ಲಿ ಸೇವಂತಿಗೆ ಹಾರ, ಹಿಂದೆ ಕಾರು ತಂದು ಕಾದು ನಿಂತ ಜನ. ನಾನು ಮೂರನ್ನೂ ವಾಪಸ್ ಬಂದವೆಂದು ಒತ್ತಿ, ಸಹಿ ಹಾಕಿ ಕೊಟ್ಟೆ. ಆ ನಾಳೆ ಬರಲೇ ಇಲ್ಲ. ವರ್ಷಕ್ಕೊಮ್ಮೆ ತಪಾಸಣೆ ಬಂದಾಗ, ಬಾರದಿದ್ದ ಪುಸ್ತಕಗಳಿಗೆ ಟಿಕ್ಕು ಹಾಕದಿದ್ದರೆ ನನ್ನ ಸಹಿಯೇ ಸುಳ್ಳಾಗುತ್ತದಲ್ಲ? ಹಾಕಿದೆ. ಒಂದು ದಾಕ್ಷಿಣ್ಯಕ್ಕೆ ಆರು ಸುಳ್ಳು.

ಶುಕ್ರವಾರವಿಡೀ ಬೇರೆ ದಾರಿ ಹುಡುಕಿದೆ. ನೇರ ದಾರಿ ಬಿಟ್ಟು ಎಲ್ಲ ದಾರಿಗಳನ್ನೂ ಹುಡುಕಿದೆ ಎನ್ನಿ. ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಫೋನು ಮಾಡಿದರೆ ಅವರಲ್ಲಿ ಆ ಪುಸ್ತಕವೇ ಇರಲಿಲ್ಲ. ಇ-ಪುಸ್ತಕಗಳಲ್ಲಿ ಜಪಾನಿನ ಕೈಗಾರಿಕೆಯ ಬಗ್ಗೆ ಬೇಕಾದಷ್ಟಿತ್ತು, ಹುಡುಗಿಯರ ಮಾತು ಇರಲಿಲ್ಲ. ಒಂದು ಜಾಲತಾಣದಲ್ಲಿ ಇದೇ ಪುಸ್ತಕದ ಕೆಲವು ಪುಟಗಳನ್ನು ಬಿಟ್ಟಿಯಾಗಿ ತೋರಿಸುತ್ತಿದ್ದರು. ಪೀಠಿಕೆ ಬಂತು, ವಿಷಯಸೂಚಿ ಬಂತು, ಮುದುಕಿಯರ ಮಾತು ಶುರುವಾಗುವ ಪುಟಕ್ಕೆ ಸರಿಯಾಗಿ ಬಾಗಿಲು ಹಾಕಿಕೊಂಡಿತು. ಹೊಸ ಪ್ರತಿ ತರಿಸೋಣವೆಂದರೆ ಮುದ್ರಣವೇ ನಿಂತು ಹೋಗಿದೆ ಎಂದು ಮಾರಾಟಗಾರರ ಉತ್ತರ.

ಶನಿವಾರ ಮಧ್ಯಾಹ್ನ ಸ್ಕೂಟರ್ ಹತ್ತಿದೆ. ಸರ್ ಈಗ ಶೃಂಗೇರಿ ದಾಟಿ ಕಿಗ್ಗದ ದಾರಿಯಲ್ಲಿ ತಮ್ಮನ ಮನೆಯ ಪಕ್ಕ ಚಿಕ್ಕ ಮನೆ ಕಟ್ಟಿಕೊಂಡಿದ್ದಾರೆ. ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಹೋದೆ. ‘ಸರ್, ಆ ಮೂರು ಪುಸ್ತಕ.’ ಎಷ್ಟು ಸುಲಭ!

ಗೇಟಿನಲ್ಲೇ ಸರ್ ಕಂಡರು. “ಓ, ನಮ್ಮ ಲೈಬ್ರರಿ! ಬಾ ಬಾ. ಬಿಸಿಲಲ್ಲಿ ಬಂದಿದ್ದೀಯ, ಆಸರಿಗೆ ಎಂತ ಬೇಕು?” ನಮ್ಮ ಕಡೆ ಒಂದು ರೀತಿಯಿದೆ. ಬಂದವರಿಗೆ ಆಸರಿಗೆಂದು ನೀರು, ಬೆಲ್ಲ, ಕಾಫಿ ಆಗುವವರೆಗೆ ಮನೆಯವರು ಬಂದ ಕೆಲಸ ಕೇಳುವುದಿಲ್ಲ, ಬಂದವರು ಹೇಳುವುದಿಲ್ಲ. ಅದಾದ ಮೇಲೆ ಮನೆಯವರೇ ಕೇಳಬೇಕು. ಸರ್ ಕೇಳಲೇ ಇಲ್ಲ, ನೋಡುವುದಕ್ಕೇ ಬಂದಿದ್ದಾಳೆಂದು ತಿಳಿದರು. ಹಳೆಯ ವಿದ್ಯಾರ್ಥಿಗಳು ಯಾರೂ ಬರುವುದಿಲ್ಲ, ನೀನೊಬ್ಬಳು ಬಂದೆ ಎಂದು ಅವರ ಕಣ್ಣು ತುಂಬಿತು. ನಾನು ಸರ್ ಹೆಂಡತಿ, ನಮಗೆಲ್ಲ ಅಮ್ಮ, ತಂದಿಟ್ಟ ಕೋಡುಬಳೆ ಅಗಿಯುತ್ತಾ ಒಳಗಿನ ಕಪಾಟಿನ ಕಡೆ ಕತ್ತು ಉದ್ದ ಮಾಡಿದೆ. ನಮ್ಮ ಕಾಲೇಜಿನ ಚೀಟಿ ಅಂಟಿಸಿದ ಎರಡು ಪುಸ್ತಕಗಳ ಬೆನ್ನು ಅಲ್ಲಿಂದಲೇ ಕಂಡವು. ಬಾಯಿ ತೆರೆದೆ. “ಕೋಡುಬಳೆ ಚೆನ್ನಾಗಿದೆ ಅಮ್ಮ” ಎಂದಿತು ಬಾಯಿ.

ಹೊರಡುವಾಗ ಅಮ್ಮ ಸಾಂಬಾರಿಗೆಂದು ಎರಡು ಮೊಗೆಕಾಯಿ ಕಟ್ಟಿಕೊಟ್ಟರು. ಜಪಾನಿಗೆಂದು ಹೋದವಳು ಮೊಗೆಕಾಯಿ ಹೊತ್ತು ಬಂದೆ. ದಾರಿಯಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬಂದು ಎರಡು ಸಲ ಸ್ಕೂಟರ್ ನಿಲ್ಲಿಸಿದೆ, ವಾಪಸ್ ತಿರುಗಿಸಲಿಲ್ಲ.

ಸೋಮವಾರ ಹುಡುಗಿ ಬಸ್ಸಿಳಿದು ನೇರ ಕೌಂಟರಿಗೆ ಬಂದಳು. ಅವಳನ್ನು ಕಂಡ ಕೂಡಲೇ ನಾನು, “ಅದು ಬೈಂಡಿಂಗಿಗೆ ಹೋಗಿದೆ ಕಣೆ. ನಾಲ್ಕು ದಿನ ತಡಿ” ಎಂದೆ. ನಾಲಿಗೆ ತಡವರಿಸಲೂ ಇಲ್ಲ. ಅಭ್ಯಾಸವಾಗಿತ್ತಲ್ಲ.

ಬುಧವಾರ ಅವಳು ಮತ್ತೆ ಬಂದಳು. ಈ ಸಲ ಕೌಂಟರಿಗೆ ಕೈ ಊರಲಿಲ್ಲ, ಸ್ವಲ್ಪ ದೂರ ನಿಂತಳು. “ಮೇಡಂ, ನಿನ್ನೆ ಪೇಟೇಲಿ ಬೈಂಡಿಂಗ್ ಮಾಡೋರ ಹತ್ರ ಹೋಗಿದ್ದೆ. ಅಲ್ಲೇ ಕೂತು ಓದ್ಕೊಳ್ತೇನೆ, ಹೊಲಿಯೋದು ಆಮೇಲೆ ಮಾಡಿ ಅಂತ ಕೇಳೋಣ ಅಂತ. ಕಾಲೇಜಿಂದು ಯಾವ ಪುಸ್ತಕವೂ ಬಂದಿಲ್ಲ ಅಂದ್ರು.” ಮತ್ತೆ ತಾನೇ ನನ್ನ ಮರ್ಯಾದೆ ಕಾಯುವವಳ ಹಾಗೆ, “ಬೇರೆ ಕಡೆ ಕೊಟ್ಟಿದ್ದೀರೇನೋ” ಎಂದಳು.

ನನಗೆ ಹಾಗೆ ಅವಮಾನವಾದದ್ದು ಕಡಿಮೆ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನಗೂ ಒಂದು ದಾಕ್ಷಿಣ್ಯ ತೋರಿಸಿದ್ದಳು, ಅದು ಎಲ್ಲಿಗೆ ಮುಟ್ಟುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳನ್ನು ಒಳಗೆ ಕರೆದು ಕೂರಿಸಿ, ದಾಖಲೆ ಪುಸ್ತಕ ಬಿಚ್ಚಿ, ಆರು ಟಿಕ್ಕುಗಳನ್ನು ತೋರಿಸಿ ಎಲ್ಲ ಹೇಳಿದೆ. ಅವಳು ಟಿಕ್ಕುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಎಣಿಸಿದಳು.

“ಹಾಗಾದ್ರೆ ಪುಸ್ತಕ ಇದೆ” ಎಂದಳು ಕೊನೆಗೆ. “ಸರ್ ಹತ್ರ ಇದೆ. ನೀವು ಕೇಳಿಲ್ಲ, ಅಷ್ಟೇ.”

ಅಷ್ಟೇ. ಆ ಸಂಜೆ ಒಂದು ಹಾಳೆ ತೆಗೆದುಕೊಂಡು ಪ್ರಾಂಶುಪಾಲರಿಗೆ ಬರೆಯಲು ಕೂತೆ. ಮೂರು ಪುಸ್ತಕಗಳನ್ನು ಪಡೆಯದೆಯೇ ಬಾಕಿ ಇಲ್ಲವೆಂದು ಸಹಿ ಮಾಡಿದ್ದೇನೆ, ಆರು ವರ್ಷ ಅವು ಇವೆಯೆಂದು ತಪ್ಪು ದಾಖಲಿಸಿದ್ದೇನೆ, ಹೊಣೆ ನನ್ನದು, ತಿದ್ದಲು ಅನುಮತಿ ಕೊಡಬೇಕು. ಹೀಗೆ ಬರೆಯದೆ ದಾರಿಯೂ ಇರಲಿಲ್ಲ. ಪುಸ್ತಕ ಕೊಡಿ ಎಂದು ಸರ್‌ಗೆ ಕಾಗದ ಕಳಿಸಬೇಕಾದರೆ ಪುಸ್ತಕ ಅವರ ಹೆಸರಿನಲ್ಲಿರಬೇಕು. ಅವರ ಹೆಸರಿನಲ್ಲಿದ್ದದ್ದನ್ನು ಅಳಿಸಿದವಳು ನಾನು.

ಗುರುವಾರ ಬೆಳಿಗ್ಗೆ ಪ್ರಾಂಶುಪಾಲರು ಹಾಳೆಯನ್ನು ಓದಿ ಮೇಜಿನ ಮೇಲೆ ಕವುಚಿ ಇಟ್ಟರು. ಒಳ್ಳೆಯ ಮನುಷ್ಯರು, ಗಲಾಟೆ ಕಂಡರೆ ಆಗದವರು. “ಮೇಡಂ, ಇದನ್ನ ಬರ್ದು ಕೊಡ್ಬೇಡಿ. ಬಾಯಲ್ಲಿ ಹೇಳಿದ್ರಿ, ನಾನು ಕೇಳ್ದೆ, ಮುಗೀತು. ಮೂರು ಪುಸ್ತಕ ಅಲ್ವಾ? ಕಳೆದಿದೆ ಅಂತ ಹಾಕಿ ತೆಗ್ದುಬಿಡೋಣ. ಹಳೇ ಪುಸ್ತಕ, ಯಾರು ಕೇಳ್ತಾರೆ?”

“ಒಬ್ಬಳು ಕೇಳ್ತಿದ್ದಾಳೆ ಸರ್. ಕಳೆದಿದೆ ಅಂದ್ರೆ ಅವಳಿಗೆ ಪುಸ್ತಕ ಇಲ್ಲ.”

“ಇದು ಒಳಗೆ ಹೋದ್ರೆ ನಿಮ್ಗೆ ನೋಟಿಸ್ ಕೊಡ್ಬೇಕಾಗ್ತದೆ ನಾನು. ಸೇವಾ ಪುಸ್ತಕಕ್ಕೆ ಬರ್ತದೆ. ಯೋಚ್ನೆ ಮಾಡಿ.”

ಯೋಚನೆ ಮಾಡಿದೆ. ಹೆದರಿಕೆಯಾಗಲಿಲ್ಲವೆಂದರೆ ಅದು, ಬೈಂಡಿಂಗಿನದು ಸೇರಿ, ಎಂಟನೆಯ ಸುಳ್ಳಾಗುತ್ತದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಕಪ್ಪು ಗೆರೆ ಇರಲಿಲ್ಲ. ಆದರೂ ಹಾಳೆಯನ್ನು ಎತ್ತಿಕೊಂಡು ಪಕ್ಕದ ಆಫೀಸಿಗೆ ಹೋಗಿ, ಗುಮಾಸ್ತರ ಕೈಲಿ ಮೊಹರು ಹೊಡೆಸಿ, ನಕಲು ಪಡೆದೆ. ಮೊಹರಿನ ಸದ್ದು ಕೇಳಿದ ಮೇಲೆ ವಾಪಸ್ ಬರುವ ದಾರಿ ಇರಲಿಲ್ಲ. ಒಂದು ವಾರದಲ್ಲಿ ಮೊದಲ ಸಲ ಹೊಟ್ಟೆತುಂಬ ಊಟ ಮಾಡಿದೆ.

ಶುಕ್ರವಾರ ರಜೆ ಹಾಕಿ ಮತ್ತೆ ಕಿಗ್ಗದ ದಾರಿ. ಹುಡುಗಿ ತಾನೂ ಬರುತ್ತೇನೆಂದಳು, ಬೇಡವೆಂದೆ. ಗುರುಗಳನ್ನು ನಾನು ಕೇಳುವುದೇ ಹೆಚ್ಚು, ಇನ್ನೊಬ್ಬರ ಎದುರು ಬೇಡ.

ಅಮ್ಮ ಎಂದಿನ ಹಾಗೆ ಕಾಫಿ ತಂದಿಟ್ಟರು. ನಾನು ಲೋಟ ಮುಟ್ಟಲಿಲ್ಲ. “ಅಮ್ಮ, ಬೇಜಾರು ಮಾಡ್ಕೋಬೇಡಿ. ಇವತ್ತು ಮೊದ್ಲು ಕೆಲಸ” ಎಂದು ಕಾಗದದ ನಕಲನ್ನು ಸರ್ ಕೈಗೆ ಕೊಟ್ಟೆ. ನಮ್ಮ ಕಡೆಯ ಮನೆಯಲ್ಲಿ ಇದಕ್ಕಿಂತ ದೊಡ್ಡ ಉದ್ಧಟತನವಿಲ್ಲ. ಅಮ್ಮ ತಟ್ಟೆ ಹಿಡಿದು ನಿಂತಲ್ಲೇ ನಿಂತರು.

ಸರ್ ಕನ್ನಡಕ ಹಾಕಿಕೊಂಡು ಓದಿದರು. ಮುಖ ಕೆಂಪಾಯಿತು. “ಎಂತದಿದು? ನಂಗೆ ನೋಟಿಸಾ?”

“ನಿಮ್ಗಲ್ಲ ಸರ್, ನಂಗೆ. ತಪ್ಪು ನಂದು ಅಂತ ಬರ್ದಿದ್ದೇನೆ. ನಿಮ್ಗೆ ತಿಳೀಲಿ ಅಂತ ತಂದೆ.”

“ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ? ಆರು ವರ್ಷ ಆಯ್ತು, ಒಂದು ಸಲ ಕೇಳಿದ್ಯಾ ನೀನು? ಹೋದ ಶನಿವಾರ ಇಲ್ಲೇ ಕೂತಿದ್ದೆ!”

“ನೀವೂ ಕೊಡ್ಲಿಲ್ಲ ಸರ್” ಎಂದೆ. ಅವರೆದುರು ಅಷ್ಟು ಮಾತಾಡಿದ್ದು ಜೀವಮಾನದಲ್ಲಿ ಅದೇ ಮೊದಲು.

ಸರ್ ಎದ್ದು ಒಳಗೆ ಹೋದರು. ಕಪಾಟಿನ ಗಾಜು ಸರಿದ ಸದ್ದು. ಎರಡು ಪುಸ್ತಕ ತಂದು ಮೇಜಿನ ಮೇಲಿಟ್ಟು, ನನ್ನ ಕಡೆ ನೋಡದೆ, “ರೇಷ್ಮೆದು ಇಲ್ಲಿಲ್ಲ. ಎನ್.ಆರ್. ಪುರದಲ್ಲಿ ನನ್ನ ಹಳೇ ಶಿಷ್ಯ ಒಬ್ಬ ಇದ್ದಾನೆ, ಬಸ್‌ಸ್ಟ್ಯಾಂಡ್ ಹತ್ರ ಹಾರ್ಡ್‌ವೇರ್ ಅಂಗಡಿ. ಓದ್ಲಿಕ್ಕೆ ಕೊಟ್ಟಿದ್ದೆ, ಅವ ವಾಪಸ್ ಕೊಡ್ಲಿಲ್ಲ” ಎಂದರು.

“ನೀವು ಕೇಳಿದ್ರಾ ಸರ್?”

ಅವರು ಎರಡೂ ಪುಸ್ತಕಗಳನ್ನು ನನ್ನ ಕಡೆ ತಳ್ಳಿದರು. ನಾನು ತಣ್ಣಗಾದ ಕಾಫಿ ಕುಡಿದು ಎದ್ದೆ. ಈ ಸಲ ಮೊಗೆಕಾಯಿ ಸಿಗಲಿಲ್ಲ, ಗೇಟಿನವರೆಗೆ ಯಾರೂ ಬರಲಿಲ್ಲ. ಬೇಸರವಾಯಿತು. ಶೃಂಗೇರಿ ಪೇಟೆ ದಾಟುವವರೆಗೂ ಕಣ್ಣು ಒರೆಸಿಕೊಂಡೇ ಸ್ಕೂಟರ್ ಓಡಿಸಿದೆ.

ಗಡುವಿಗೆ ಎರಡೇ ದಿನ. ಶನಿವಾರ ಬೆಳಿಗ್ಗೆ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ ಹುಡುಗಿ ನನಗೆ ಕಾದಿದ್ದಳು. ಅಂಗಡಿಯ ಗುರುತು ಹೇಳಿದರೆ ಬಾಯಿ ತೆರೆದಳು. “ಇವ್ರಾ? ನಾನು ದಿನಾ ಬಸ್ಸಿಗೆ ಕಾಯೋದು ಇವ್ರ ಅಂಗಡಿ ನೆರಳಲ್ಲೇ!”

ಅಂಗಡಿಯವರು ಪೈಪಿಗೆ ಅಳತೆ ಹಿಡಿಯುತ್ತಿದ್ದರು. ನಲವತ್ತು ದಾಟಿದ, ನಗುಮುಖದ ಸಾಬರು. ಪುಸ್ತಕದ ಹೆಸರು ಹೇಳುವುದರೊಳಗೆ ಅಳತೆ ಟೇಪು ಬಿಟ್ಟು, ಒಳಗಿನ ಬೀರುವಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪೊಟ್ಟಣ ತಂದರು. ಬಿಚ್ಚಿದರೆ ನೀಲಿ ಬೈಂಡು, ಒಂದು ಮೂಲೆಯೂ ಮಡಿಚಿರಲಿಲ್ಲ.

“ಓದಿ ಐದು ವರ್ಷದ ಮೇಲಾಯ್ತು ಮೇಡಂ. ಕಾಲೇಜಿಂದು ಅಂತ್ಲೂ ಗೊತ್ತಿತ್ತು, ಮೊಹರು ಇದೆಯಲ್ಲ. ಸರ್ ಕೇಳಿದ್ರೆ ಕೊಡೋಣ ಅಂತ ಜೋಪಾನ ಇಟ್ಟೆ. ಅವ್ರು ಕೇಳ್ಲಿಲ್ಲ. ನಾನಾಗೇ ತಗೊಂಡು ಹೋದ್ರೆ, ಪ್ರೀತಿಯಿಂದ ಕೊಟ್ಟಿದ್ದನ್ನ ಎಸೆದು ಹೋದ ಅಂತ ಅವ್ರು ಬೇಜಾರು ಮಾಡ್ಕೊಂಡ್ರೆ?”

ನಾನು ಪೈಪಿನ ಕಟ್ಟಿನ ಮೇಲೆ ಕೂತುಬಿಟ್ಟೆ. ನಗು ಬಂತು, ಅಳುವೂ ಬಂತು. ಸರ್ ಇವರನ್ನು ಕೇಳಲಿಲ್ಲ, ನಾನು ಸರ್ ಅವರನ್ನು ಕೇಳಲಿಲ್ಲ, ಇವರು ಕೇಳಲಿ ಎಂದು ಕಾದರು. ಎಲ್ಲರೂ ಒಬ್ಬರ ಮನಸ್ಸನ್ನು ಒಬ್ಬರು ನೋಯಿಸದ ಹಾಗೆ ನೋಡಿಕೊಂಡೆವು. ಹುಡುಗಿ ಈ ಯಾವುದನ್ನೂ ಕೇಳಿಸಿಕೊಳ್ಳದೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಓದಲು ಶುರು ಮಾಡಿಬಿಟ್ಟಿದ್ದಳು. ಮೊದಲು ನೋಂದಾಯಿಸಬೇಕು, ಆಮೇಲೆ ಓದಬೇಕು. ನಾನು ಚೀಲದಿಂದ ಚೀಟಿ ತೆಗೆದು ಅವಳ ಸಹಿ ಹಾಕಿಸಿಕೊಂಡು, ಸಂಖ್ಯೆ ಬರೆದುಕೊಂಡೆ.

ಎರಡು ದಿನ ಹಗಲಿಡೀ ಓದಿ ಸೋಮವಾರ ಅವಳು ಮಾರ್ಗದರ್ಶಕರ ಮುಂದೆ ಪುಸ್ತಕ ಇಟ್ಟಳು, ವಿಷಯ ಉಳಿಯಿತು. ಅದೇ ಸಂಜೆ ನನ್ನ ಕೈಗೆ ನೋಟಿಸ್ ಬಂತು. ಉತ್ತರ ಬರೆದೆ, ಎಚ್ಚರಿಕೆ ಕೊಟ್ಟು ಸೇವಾ ಪುಸ್ತಕದಲ್ಲಿ ದಾಖಲಿಸಿದರು. ಅದು ನನಗೆ ನೋವೇ. ಇಂದಿಗೂ ನೆನೆದರೆ ಚುಚ್ಚುತ್ತದೆ, ಪ್ರಾಂಶುಪಾಲರ ಮೇಲೆ ಮಾತ್ರ ಸಿಟ್ಟಿಲ್ಲ.

ಹುಡುಗಿಗೆ ಹೊಸ ಕಷ್ಟ ಶುರುವಾಗಿತ್ತು. ಗಿರಣಿಯ ಗೋಳನ್ನು ಓದಲು ಸಿದ್ಧಳಾಗಿ ಕೂತವಳಿಗೆ, ಕೆಲವು ಮುದುಕಿಯರು ಅಲ್ಲಿಯ ಊಟ ಮನೆಯ ಊಟಕ್ಕಿಂತ ಚೆನ್ನಾಗಿತ್ತು ಎಂದದ್ದು ಗಂಟಲಲ್ಲಿ ಸಿಕ್ಕಿಕೊಂಡಿತು. “ಇದನ್ನ ಬಿಟ್ಟುಬಿಡ್ಲಾ ಮೇಡಂ?” ಎಂದು ದಿನಾ ಕೇಳುವಳು. ನನಗೆ ಪುಸ್ತಕ ಹುಡುಕುವುದು ಗೊತ್ತು, ಅದಕ್ಕೆ ಉತ್ತರ ಗೊತ್ತಿರಲಿಲ್ಲ.

ಮುಂದಿನ ಶನಿವಾರ ಬೆಳಿಗ್ಗೆ ತಲೆಯೆತ್ತಿದರೆ ಕೌಂಟರಿನ ಮುಂದೆ ಸರ್. ಶೃಂಗೇರಿ ಬಸ್ಸಿನಲ್ಲಿ ಬಂದಿದ್ದರು. ನಾನು ಎದ್ದು ನಿಂತೆ. ಅವರು ಅತ್ತಿತ್ತ ನೋಡಿ, “ರೇಷ್ಮೆದು ಬಂತಂತಲ್ಲ. ಅವ ಫೋನ್ ಮಾಡಿದ್ದ. ಒಂದು ವಾರಕ್ಕೆ ಕೊಡ್ತೀಯಾ? ಮತ್ತೊಂದ್ಸಲ ಓದ್ಬೇಕು ಅನ್ನಿಸ್ತಿದೆ” ಎಂದರು.

‘ತಗೊಂಡು ಹೋಗಿ ಸರ್’ ನಾಲಿಗೆಯ ತುದಿಯಲ್ಲೇ ಇತ್ತು. ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. “ಆಗೋದಿಲ್ಲ ಸರ್. ನೀವೀಗ ಸದಸ್ಯರಲ್ಲ. ಅದಲ್ದೆ ಅದು ಆ ಹುಡುಗಿ ಹೆಸರಲ್ಲಿದೆ.”

ಸರ್ ನನ್ನನ್ನೇ ನೋಡಿದರು. ಇನ್ನು ಈ ಮನುಷ್ಯರು ನನ್ನೊಂದಿಗೆ ಮಾತಾಡುವುದಿಲ್ಲ ಎಂದುಕೊಂಡೆ. ಅವರು ಚೀಲವನ್ನು ಬಾಗಿಲ ಬಳಿಯ ಗೂಡಿನಲ್ಲಿಟ್ಟು, ಬಂದವರ ಪುಸ್ತಕದಲ್ಲಿ ಹೆಸರು, ಹೊತ್ತು ಬರೆದು, ಓದುವ ಮೇಜಿಗೆ ಹೋಗಿ ಹುಡುಗಿಯ ಎದುರು ಕೂತರು. “ಎಲ್ಲಿವರೆಗೆ ಬಂತು?” ಎಂದರು. ಅವಳು ಪುಸ್ತಕವನ್ನು ಇಬ್ಬರಿಗೂ ಕಾಣುವ ಹಾಗೆ ಅಡ್ಡ ತಿರುಗಿಸಿ, ತನ್ನ ಊಟದ ಸಮಸ್ಯೆ ಹೇಳಿದಳು.

“ಬಿಡೋದಾ? ಎಂತಕ್ಕೆ? ಅವ್ರು ಹೇಳಿದ್ದಾರೆ ಅಂದ್ಮೇಲೆ ಬರೀಬೇಕು. ಮನೇಲಿ ಎಂತ ತಿಂತಿದ್ರು ಅಂತ ಹುಡುಕು ಮೊದ್ಲು” ಎಂದರು ಸರ್, ತರಗತಿಯ ಹಳೆಯ ದನಿಯಲ್ಲಿ. ಸಂಜೆ ಬಸ್ಸಿನ ಹೊತ್ತಾಗುವವರೆಗೂ ಇಬ್ಬರೂ ಏಳಲಿಲ್ಲ. ಏಳುವಾಗ ಹುಡುಗಿ ಪುಸ್ತಕವನ್ನು ನನ್ನ ಮೇಜಿನಲ್ಲೇ ಇಟ್ಟಳು. ಬಾಗಿಲವರೆಗೆ ಹೋದ ಸರ್ ತಿರುಗಿ, “ನಾಳೆ ಎಷ್ಟು ಹೊತ್ತಿಗೆ ತೆಗೀತೀಯ?” ಎಂದು ಕೇಳಿದರು.

“ನಾಳೆ ಭಾನುವಾರ ಸರ್. ಸೋಮವಾರ ಹತ್ತು ಗಂಟೆಗೆ.”

ಸೋಮವಾರ ಹತ್ತಕ್ಕೆ ಇನ್ನೂ ಕಾಲು ಗಂಟೆಯಿರುವಾಗ ನಾನು ಬೀಗದ ಕೈ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಮುಚ್ಚಿದ ಬಾಗಿಲ ಮುಂದೆ ಇಬ್ಬರೂ ನಿಂತಿದ್ದರು, ಜಗಳ ಆಗಲೇ ಏರಿತ್ತು. ಊಟದ ಮಾತನ್ನು ಕಿರುಪ್ರಬಂಧದ ಎರಡನೆಯ ಅಧ್ಯಾಯಕ್ಕೆ ಹಾಕಬೇಕೆಂದು ಸರ್, ಕೊನೆಯದಕ್ಕೇ ಎಂದು ಹುಡುಗಿ.

“ಬೇಗ ಬಾಗಿಲು ತೆಗಿ ಮಾರಾಯ್ತಿ” ಎಂದರು ಸರ್ ನನ್ನನ್ನು ಕಂಡು. “ಪುಸ್ತಕ ನೋಡ್ದೇ ಇದು ಮುಗಿಯೂದಲ್ಲ.”